ತೂಕ ಇಳಿಸುವ ಆಪರೇಷನ್ ಆದಮೇಲಿನ ಬದುಕಿಗೆ ಮೊದಲೇ ತಯಾರಾಗುವುದು ಹೇಗೆ?

ಆಪರೇಷನ್ನಿನ ತಾರೀಖು ಗೊತ್ತಾದ ಕೂಡಲೇ ಎಲ್ಲರ ತಲೆಯೂ ಆ ಒಂದು ದಿನದ ಸುತ್ತಲೇ ಓಡುತ್ತದೆ. ಎಷ್ಟು ಹೊತ್ತು ಹಿಡಿಯುತ್ತದೆ, ನೋವು ಎಷ್ಟಿರುತ್ತದೆ, ಎಷ್ಟು ದಿನ ಆಸ್ಪತ್ರೆಯಲ್ಲಿರಬೇಕು ಅಂತ. ನಿಜ ಹೇಳಬೇಕೆಂದರೆ ಆ ದಿನ ನೀವು ಮಾಡುವಂಥದ್ದು ಏನೂ ಇಲ್ಲ, ಮಲಗಿರುತ್ತೀರಿ ಅಷ್ಟೇ. ನಿಮ್ಮ ಕೆಲಸ ಶುರುವಾಗುವುದು ಮನೆಗೆ ಬಂದ ಮೇಲೆ.

ನಿಧಾನವಾಗಿ ತಿನ್ನಿ, ಊಟದ ಜೊತೆ ನೀರು ಬೇಡ, ದಿನಾ ವಿಟಮಿನ್ ತಗೊಳ್ಳಿ. ಕೇಳುವುದಕ್ಕೆ ಸುಲಭ. ಆದರೆ ಹತ್ತಾರು ವರ್ಷದ ರೂಢಿ ಒಂದು ರಾತ್ರಿಯಲ್ಲಿ ಬಿಟ್ಟುಹೋಗುವುದಿಲ್ಲ, ಅಲ್ವಾ? ಅದಕ್ಕೇ ನಾನು ಹೇಳುವುದು: ಆಮೇಲಿನ ನಿಯಮಗಳನ್ನು ಈಗಲೇ ಪಾಲಿಸಲು ಶುರು ಮಾಡಿ. ಈಗ ತಪ್ಪಿದರೆ ಏನೂ ನಷ್ಟವಿಲ್ಲ. ಆಮೇಲೆ ತಪ್ಪಿದರೆ ಎದೆ ಹಿಡಿದುಕೊಂಡು ಬಾತ್‌ರೂಮಿಗೆ ಓಡಬೇಕಾಗುತ್ತದೆ.

ಇಲ್ಲಿ ಕೊಟ್ಟಿರುವ ಅಂಕಿಗಳು ಸಾಮಾನ್ಯವಾಗಿ ಹೇಳುವಂಥವು. ನಿಮ್ಮ ಸರ್ಜನ್ ಅಥವಾ ಡಯಟೀಷಿಯನ್ ಬೇರೆ ಹೇಳಿದ್ದರೆ ಅವರ ಮಾತನ್ನೇ ಹಿಡಿಯಿರಿ.

ಹೆಜ್ಜೆ 1: ನಿಮಗೆ ಮಾಡುವುದು ಯಾವ ಆಪರೇಷನ್ ಅಂತ ಸರಿಯಾಗಿ ತಿಳಿದುಕೊಳ್ಳಿ

ಹೆಚ್ಚಾಗಿ ಮಾಡುವುದು ಎರಡು. ಒಂದು ಸ್ಲೀವ್. ಇದರಲ್ಲಿ ಜಠರದ ಶೇಕಡಾ 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ, ಉಳಿಯುವುದು ಒಂದು ಸಣ್ಣ ಉದ್ದನೆಯ ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಜಾಸ್ತಿ ತಯಾರಾಗುವುದು ತೆಗೆದುಹಾಕಿದ ಆ ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಸಿವೇ ಆಗುವುದಿಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಇನ್ನೊಂದು ಗ್ಯಾಸ್ಟ್ರಿಕ್ ಬೈಪಾಸ್. ಇದರಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಯುವಷ್ಟು ಚೀಲ ಮಾಡಿ ನೇರವಾಗಿ ಸಣ್ಣಕರುಳಿಗೆ ಸೇರಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಆ ದಾರಿಯಲ್ಲಿ ಹೋಗುವುದಿಲ್ಲ.

ಇದನ್ನು ಯಾಕೆ ತಿಳಿದುಕೊಳ್ಳಬೇಕು ಅಂದರೆ, ಮುಂದೆ ಬರುವ ತೊಂದರೆಗಳೂ ಬೇರೆ ಬೇರೆ. ಸ್ಲೀವ್ ಆದವರಲ್ಲಿ ಎದೆಯುರಿ ಹೆಚ್ಚಾಗಬಹುದು. ಈಗಲೇ ಜೋರು ಆಸಿಡಿಟಿ ಇದ್ದರೆ ಆ ಮಾತನ್ನು ಸರ್ಜನ್ ಮುಂದೆ ಬಾಯಿಬಿಟ್ಟು ಹೇಳಿ. ಬೈಪಾಸ್ ಆದವರಿಗೆ ವಿಟಮಿನ್ ಕೊರತೆಯ ಅಪಾಯ ಜಾಸ್ತಿ, ಸಿಹಿ ತಿಂದರೆ ಡಂಪಿಂಗ್ ಆಗುವುದೂ ಅವರಿಗೇ ಜಾಸ್ತಿ. ಸಿಹಿ ಆಹಾರ ಸರ್ರನೆ ಕರುಳಿಗೆ ಇಳಿದು, ತಿಂದ ಅರ್ಧ ಗಂಟೆಯೊಳಗೆ ಹೊಟ್ಟೆ ಹಿಂಡಿ, ಬೆವತು, ಎದೆ ಹೊಡೆದುಕೊಂಡು, ಭೇದಿಯಾಗುವುದಕ್ಕೆ ಡಂಪಿಂಗ್ ಅನ್ನುತ್ತಾರೆ. ಕೆಲವರಿಗೆ ಇದು ಒಂದರಿಂದ ಮೂರು ಗಂಟೆ ಆದಮೇಲೆ ಬರುತ್ತದೆ. ಆಗ ಕಾರಣ ರಕ್ತದಲ್ಲಿ ಸಕ್ಕರೆ ಕುಸಿಯುವುದು. ಕೈ ನಡುಗುತ್ತದೆ, ತಲೆ ತಿರುಗುತ್ತದೆ.

ಆಪರೇಷನ್ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಐದು ವರ್ಷದ ನಂತರ ಬೇರೆ ಊರಿನ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಅಲ್ಲಿಯ ಡಾಕ್ಟರು ಕೇಳುವ ಮೊದಲ ಪ್ರಶ್ನೆ ಅದೇ.

ಹೆಜ್ಜೆ 2: ಆರೆಂಟು ವಾರ ಮೊದಲೇ ಮುಗಿಸಬೇಕಾದ ಕೆಲಸ

ಸಿಗರೇಟು ಸೇದುತ್ತಿದ್ದರೆ ಕನಿಷ್ಠ ಆರು ವಾರ ಮೊದಲು ಬಿಡಿ, ಬಿಟ್ಟಮೇಲೆ ಮತ್ತೆ ಹಿಡಿಯಬೇಡಿ. ರಕ್ತ ಹೆಪ್ಪುಗಟ್ಟುವುದು, ಗಾಯ ಮಾಯದಿರುವುದು ಒಂದು ಕಡೆ. ಬೈಪಾಸ್ ಆದವರಿಗೆ ಜೋಡಣೆಯ ಜಾಗದಲ್ಲೇ ಹುಣ್ಣಾಗುವುದು ಇನ್ನೊಂದು ಕಡೆ.

ರಕ್ತಪರೀಕ್ಷೆಯಲ್ಲಿ ಕಬ್ಬಿಣ, ಬಿ12, ಫೋಲೇಟ್, ವಿಟಮಿನ್ ಡಿ ಇವೆಯೇ ಅಂತ ನೋಡಿಕೊಳ್ಳಿ. ದಪ್ಪ ಇದ್ದವರ ಮೈಯಲ್ಲಿ ಪೋಷಕಾಂಶ ತುಂಬಿ ತುಳುಕುತ್ತಿರುತ್ತದೆ ಅನ್ನುವುದು ತಪ್ಪು ಕಲ್ಪನೆ. ಕೊರತೆ ಇದ್ದರೆ ಈಗಲೇ ತುಂಬಿಸಿಕೊಳ್ಳುವುದು ಸುಲಭ.

ಆಮೇಲೆ ಮಾತ್ರೆಗಳ ಪಟ್ಟಿ. ನೀವು ನುಂಗುವ ಪ್ರತಿಯೊಂದನ್ನೂ ಬರೆಯಿರಿ, ತಲೆನೋವಿನ ಮಾತ್ರೆಯನ್ನೂ ಬಿಡಬೇಡಿ. ಇದನ್ನು ಹಿಡಿದುಕೊಂಡು ಡಾಕ್ಟರ ಹತ್ತಿರ ನಾಲ್ಕು ಪ್ರಶ್ನೆ ಕೇಳಿ. ಇನ್ಸುಲಿನ್ ಮತ್ತು ಸಕ್ಕರೆ ಇಳಿಸುವ ಮಾತ್ರೆಯ ಡೋಸ್ ಎಷ್ಟಕ್ಕೆ ಇಳಿಸಬೇಕು? ಆಪರೇಷನ್ ಆದ ಕೆಲವೇ ದಿನಗಳಲ್ಲಿ, ತೂಕ ಇಳಿಯುವ ಮೊದಲೇ, ಸಕ್ಕರೆ ಇಳಿಯುವುದರಿಂದ ಹಳೆಯ ಡೋಸ್ ಅಪಾಯ. ಬಿಪಿ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ, ಮುಂದುವರಿಸಬೇಕೇ? ನಿಧಾನವಾಗಿ ಕರಗುವ ಮಾತ್ರೆಗಳಿದ್ದರೆ ಬದಲಿ ಏನು? ನೋವಿಗೆ ಏನು ತಗೊಳ್ಳಬಹುದು? ಕೊನೆಯದಕ್ಕೆ ಉತ್ತರ ಸಾಮಾನ್ಯವಾಗಿ ಪ್ಯಾರಾಸಿಟಮಾಲ್. ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್ ಜಾತಿಯವು ಬೈಪಾಸ್ ಆದವರಿಗೆ ಜೀವನಪೂರ್ತಿ ಬೇಡ. ಸ್ಲೀವ್ ಆದವರೂ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಮನೆಯ ಔಷಧಿ ಡಬ್ಬಿಯಿಂದ ಅವನ್ನು ಈಗಲೇ ಬೇರೆ ಮಾಡಿಡಿ. ಮಂಡಿ ನೋವು ಬಂದ ರಾತ್ರಿ ಕೈಗೆ ಸಿಕ್ಕಿದ್ದನ್ನು ನುಂಗುವವರೇ ಜಾಸ್ತಿ.

ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ಸಿಪ್ಯಾಪ್ ಯಂತ್ರ ಬಳಸುತ್ತಿದ್ದರೆ ಅದನ್ನು ಆಸ್ಪತ್ರೆಗೆ ತಗೊಂಡು ಹೋಗಬೇಕು. ಬ್ಯಾಗಿಗೆ ಹಾಕುವ ಪಟ್ಟಿಯಲ್ಲಿ ಮೊದಲೇ ಬರೆದುಬಿಡಿ.

ಹೆಜ್ಜೆ 3: ತಿನ್ನುವುದನ್ನು ಹೊಸದಾಗಿ ಕಲಿಯಿರಿ

ಇದು ಇಡೀ ತಯಾರಿಯ ತಿರುಳು. ಜನ ಜಾಸ್ತಿ ಉದಾಸೀನ ಮಾಡುವುದೂ ಇದನ್ನೇ.

ಮೊದಲ ವಾರ ಬರೀ ಅಗಿಯುವುದನ್ನು ಹಿಡಿಯಿರಿ. ಒಂದು ಸಣ್ಣ ಚಮಚದಷ್ಟು ಬಾಯಿಗಿಟ್ಟು 20ರಿಂದ 30 ಸಲ ಅಗಿಯಿರಿ. ಹನ್ನೆರಡಕ್ಕೆ ಬರುವಷ್ಟರಲ್ಲಿ ಗಂಟಲು ತಾನಾಗಿ ನುಂಗಿಬಿಡುತ್ತದೆ, ಗಮನಿಸಿ. ಆ ಆತುರವನ್ನೇ ನಿಲ್ಲಿಸಬೇಕಾಗಿರುವುದು. ಬಾಯಲ್ಲಿ ತುತ್ತು ಇರುವಷ್ಟು ಹೊತ್ತು ಚಮಚ ಕೆಳಗಿಡಿ, ಇನ್ನೊಂದು ತುತ್ತು ತಯಾರು ಮಾಡಿಕೊಂಡು ಕೂರಬೇಡಿ. ಒಂದು ಊಟ 20ರಿಂದ 30 ನಿಮಿಷ ಹಿಡಿಯಬೇಕು. ಫೋನು, ಟಿವಿ ಇದ್ದರೆ ಇದು ಆಗುವುದೇ ಇಲ್ಲ.

ಎರಡನೇ ವಾರದಿಂದ ನೀರು ಮತ್ತು ಊಟವನ್ನು ಬೇರೆ ಮಾಡಿ. ಊಟ ಶುರುವಾದಾಗಿಂದ ಮುಗಿದು ಅರ್ಧ ಗಂಟೆಯವರೆಗೆ ಒಂದು ಗುಟುಕೂ ಬೇಡ. ಮೊದಮೊದಲು ಗಂಟಲು ಒಣಗಿದ ಹಾಗೆ, ಊಟ ಪೂರ್ತಿ ಆಗದ ಹಾಗೆ ಅನ್ನಿಸುತ್ತದೆ. ಸಣ್ಣ ಹೊಟ್ಟೆಯಲ್ಲಿ ನೀರಿಗೂ ಊಟಕ್ಕೂ ಒಟ್ಟಿಗೆ ಜಾಗ ಇರುವುದಿಲ್ಲ. ನೀರು ತುಂಬಿಕೊಂಡರೆ ಪ್ರೋಟೀನ್ ಒಳಗೆ ಹೋಗುವುದಿಲ್ಲ, ಎರಡನ್ನೂ ಒತ್ತಿದರೆ ವಾಂತಿ.

ಮೂರನೆಯದು, ತಟ್ಟೆಯಲ್ಲಿ ಪ್ರೋಟೀನನ್ನು ಮೊದಲು ತಿನ್ನುವುದು. ಮೊಟ್ಟೆ, ಮೀನು, ಬೇಳೆ, ಮೊಸರು ಯಾವುದಾದರೂ ಸರಿ, ಅದು ಮೊದಲು. ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ ಅಥವಾ ಬ್ರೆಡ್ಡು. ಸೋಡಾ, ಕೂಲ್ ಡ್ರಿಂಕ್ಸ್‌ಗೆ ಈಗಲೇ ವಿದಾಯ ಹೇಳಿ. ಕಾಫಿ, ಟೀ ಜಾಸ್ತಿ ಕುಡಿಯುವವರು ಸ್ವಲ್ಪ ಸ್ವಲ್ಪವೇ ಇಳಿಸಿಕೊಳ್ಳಿ. ಇಲ್ಲದಿದ್ದರೆ ಆಪರೇಷನ್ ನೋವಿನ ಮೇಲೆ ಕಾಫಿ ಬಿಟ್ಟ ತಲೆನೋವೂ ಸೇರಿಕೊಳ್ಳುತ್ತದೆ.

ಇದರ ಜೊತೆಗೇ ಒಂದು ನೋಟ್‌ಬುಕ್ ಇಡಿ. ಊಟದ ಹೊತ್ತಲ್ಲದ ಹೊತ್ತಿನಲ್ಲಿ ತಿಂದಾಗ, ತಿನ್ನುವ ಮೊದಲು ಏನು ನಡೆಯಿತು ಅಂತ ಒಂದೇ ಸಾಲು ಬರೆಯಿರಿ: ಬೇಜಾರು, ಜಗಳ, ಸುಮ್ನೆ, ನಿದ್ದೆ ಬರಲಿಲ್ಲ. ಸರ್ಜನ್ ಸಣ್ಣದು ಮಾಡುವುದು ಜಠರವನ್ನು. ಬೇಜಾರಾದಾಗ ಕೈ ಡಬ್ಬಿಯ ಕಡೆ ಹೋಗುವುದು ಹಾಗೇ ಉಳಿಯುತ್ತದೆ. ಬೇಜಾರಿಗೆ ಊಟ ಬಿಟ್ಟು ಇನ್ನೇನು ಮದ್ದು ಅಂತ ಈಗಲೇ ಹುಡುಕಿಕೊಳ್ಳಬೇಕು. ಹೊಟ್ಟೆ ಬಿರಿಯುವಷ್ಟು ತಿಂದು ಆಮೇಲೆ ಸಂಕಟಪಡುವ ರೂಢಿ ಇದ್ದರೆ ಆಪ್ತಸಮಾಲೋಚಕರ ಹತ್ತಿರ ಹೇಳಿಕೊಳ್ಳಿ. ಆಪರೇಷನ್ ತಪ್ಪಿಹೋಗುತ್ತದೆ ಅಂತ ಹೆದರಿ ಮುಚ್ಚಿಡುವವರಿದ್ದಾರೆ. ಮುಚ್ಚಿಟ್ಟರೆ ನಷ್ಟ ಅವರಿಗೇ.

ಹೆಜ್ಜೆ 4: ಕೊನೆಯ ಎರಡು ವಾರ

ಈ ಹೊತ್ತಿಗೆ ಕಡಿಮೆ ಕ್ಯಾಲೊರಿ, ಕಡಿಮೆ ಪಿಷ್ಟ, ಹೆಚ್ಚು ಪ್ರೋಟೀನಿನ ಪಥ್ಯ ಕೊಡುತ್ತಾರೆ. ಜಠರದ ಮೇಲೆ ಲಿವರ್ ಕೂತಿರುತ್ತದೆ. ತೂಕ ಜಾಸ್ತಿ ಇರುವವರಲ್ಲಿ ಅದು ಕೊಬ್ಬಿನಿಂದ ಊದಿಕೊಂಡಿರುತ್ತದೆ. ಎರಡು ವಾರದ ಪಥ್ಯದಲ್ಲಿ ಅದು ಕುಗ್ಗುತ್ತದೆ, ಸರ್ಜನ್‌ಗೆ ಅದನ್ನು ಎತ್ತಿ ಕೆಲಸ ಮಾಡಲು ಜಾಗ ಸಿಗುತ್ತದೆ. 'ಇನ್ನು ಮೇಲೆ ತಿನ್ನಕ್ಕಾಗಲ್ಲ' ಅಂತ ಹಿಂದಿನ ವಾರ ಭರ್ಜರಿ ಬೀಳ್ಕೊಡುಗೆ ಊಟ ಮಾಡುವವರು ಈ ಕೆಲಸವನ್ನೇ ಹಾಳು ಮಾಡಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯವರು ಪಥ್ಯ ಶುರುಮಾಡುವ ಮೊದಲೇ ಔಷಧಿಯ ಡೋಸ್ ಕೇಳಿಕೊಳ್ಳಬೇಕು.

ಇದೇ ಸಮಯದಲ್ಲಿ ಅಡುಗೆಮನೆ ಸಜ್ಜು ಮಾಡಿಕೊಳ್ಳಿ. ಮಿಕ್ಸಿ, ಸಣ್ಣ ತಟ್ಟೆ, ಸಣ್ಣ ಚಮಚ, 30 ಮಿ.ಲೀ. ಗುರುತಿರುವ ಔಷಧಿ ಲೋಟ, ವಾರದ ಮಾತ್ರೆ ಡಬ್ಬಿ ಇದ್ದರೆ ಸಾಕು. ಪ್ರೋಟೀನ್ ಪುಡಿಯ ದೊಡ್ಡ ಡಬ್ಬ ಕೊಳ್ಳಬೇಡಿ. ಆಪರೇಷನ್ ನಂತರ ಬಾಯಿರುಚಿ ಬದಲಾಗುವುದು ಮಾಮೂಲು, ಮೊದಲು ಇಷ್ಟವಾದದ್ದು ಆಮೇಲೆ ವಾಕರಿಕೆ ತರಬಹುದು. ಚಿಕ್ಕ ಪೊಟ್ಟಣಗಳಲ್ಲಿ ಎರಡು ಮೂರು ರುಚಿ ತಂದಿಡಿ.

ಮನೆಯ ಅಡುಗೆ ನಿಮ್ಮದೇ ಆಗಿದ್ದರೆ ಮೊದಲ ಎರಡು ವಾರ ಆ ಕೆಲಸ ಇನ್ನೊಬ್ಬರಿಗೆ ಒಪ್ಪಿಸಿ. ನಾಲ್ಕರಿಂದ ಆರು ವಾರ ಭಾರ ಎತ್ತುವ ಹಾಗಿಲ್ಲ. ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಮಗು, ಇವೆಲ್ಲ ಭಾರವೇ.

ಹೆಜ್ಜೆ 5: ಮನೆಗೆ ಬಂದ ಮೊದಲ ಎರಡು ವಾರ

ಈ ದಿನಗಳಲ್ಲಿ ಕುಡಿಯುವುದೇ ನಿಮ್ಮ ಉದ್ಯೋಗ. ದಿನಕ್ಕೆ ಒಂದೂವರೆ ಲೀಟರ್ ಗುರಿ. ಗಟಗಟ ಕುಡಿಯಲು ಆಗುವುದಿಲ್ಲ, ಎರಡು ದೊಡ್ಡ ಗುಟುಕಿಗೇ ಎದೆಯಲ್ಲಿ ಕಲ್ಲು ಕೂತ ಹಾಗಾಗುತ್ತದೆ. ಲೆಕ್ಕ ಹೀಗೆ ಮಾಡಿ: 30 ಮಿ.ಲೀ. ಲೋಟವನ್ನು ಕಾಲು ಗಂಟೆಗೊಂದು ಸಲ ಸಣ್ಣ ಸಣ್ಣ ಗುಟುಕಿನಲ್ಲಿ ಖಾಲಿ ಮಾಡಿದರೆ ಗಂಟೆಗೆ 120 ಮಿ.ಲೀ., ಹನ್ನೆರಡು ಗಂಟೆಯಲ್ಲಿ 1,440. ಬೆಳಗ್ಗೆ ಏಳಕ್ಕೆ ಶುರು ಮಾಡಿ ಸಂಜೆ ಏಳರವರೆಗೆ ಬಿಡದೆ ಕುಡಿದರೆ ಮಾತ್ರ ಗುರಿ ಹತ್ತಿರ ಬರುತ್ತದೆ. ಮಧ್ಯಾಹ್ನ ಮೂರು ಗಂಟೆ ಮಲಗಿಬಿಟ್ಟರೆ 360 ಮಿ.ಲೀ. ಹೋಯಿತು, ಅದನ್ನು ರಾತ್ರಿ ಒಟ್ಟಿಗೆ ಕುಡಿದು ಸರಿದೂಗಿಸಲು ಆಗುವುದಿಲ್ಲ. ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ. ಮೂತ್ರ ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲ ಅಂತ ಅರ್ಥ.

ಆಪರೇಷನ್ ಆದ ದಿನವೇ ಎಬ್ಬಿಸಿ ನಡೆಸುತ್ತಾರೆ. ಮನೆಯಲ್ಲೂ ಗಂಟೆಗೊಮ್ಮೆ ಎದ್ದು ನಾಲ್ಕು ಸುತ್ತು ಹಾಕಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಬೇಕು. ಹೆಪ್ಪುಗಟ್ಟದಂತೆ ಇಂಜೆಕ್ಷನ್ ಕೊಟ್ಟು ಕಳಿಸಿದ್ದರೆ ಒಂದು ದಿನವೂ ತಪ್ಪಿಸಬೇಡಿ.

ಕೆಳಗಿನದರಲ್ಲಿ ಯಾವುದೇ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಫೋನ್ ಮಾಡಿ ಅಥವಾ ನೇರ ಹೊರಡಿ:

- ಸುಮ್ಮನೆ ಕೂತಿದ್ದರೂ ನಾಡಿ ನಿಮಿಷಕ್ಕೆ 120 ದಾಟುವುದು
- 38 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಜ್ವರ
- ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಅದರ ಜೊತೆ ಎಡ ಭುಜದ ನೋವು
- ಉಸಿರಾಟದ ಕಷ್ಟ, ಎದೆನೋವು, ಒಂದು ಕಾಲಿನಲ್ಲಿ ಮಾತ್ರ ಊತ ಅಥವಾ ನೋವು
- ಕುಡಿದ ನೀರೂ ನಿಲ್ಲದಷ್ಟು ವಾಂತಿ
- ಕಪ್ಪು ಮಲ, ಅಥವಾ ವಾಂತಿಯಲ್ಲಿ ರಕ್ತ

ಇದನ್ನು ಆಸ್ಪತ್ರೆಯ ನಂಬರ್ ಸಮೇತ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಹೊಲಿಗೆಯ ಜಾಗ ಸೋರುವುದು ಅಪರೂಪ, ಆದರೆ ಸೋರಿದರೆ ಗಂಟೆಗಳ ಲೆಕ್ಕ. ಜ್ವರ ಬರುವ ಮೊದಲೇ ನಾಡಿ ಓಡತೊಡಗಬಹುದು. ಮನೆಯವರಿಗೆ ನಾಡಿ ಎಣಿಸುವುದನ್ನು ಮೊದಲೇ ಹೇಳಿಕೊಡಿ.

ಹೆಜ್ಜೆ 6: ದ್ರವದಿಂದ ತಟ್ಟೆಯ ಊಟದವರೆಗೆ

ಮೊದಲ ಒಂದೆರಡು ದಿನ ತಿಳಿ ದ್ರವ. ಆಮೇಲೆ ಎರಡು ವಾರದವರೆಗೆ ಹಾಲು, ಸೋಸಿದ ಸೂಪು, ಪ್ರೋಟೀನ್ ಪಾನೀಯ. ಮೂರು, ನಾಲ್ಕನೇ ವಾರ ನುಣ್ಣಗೆ ರುಬ್ಬಿದ್ದು. ಐದು, ಆರನೇ ವಾರ ಚಮಚದಲ್ಲಿ ಒತ್ತಿದರೆ ಪುಡಿಯಾಗುವಂಥ ಮೆತ್ತನೆಯದು. ಏಳೆಂಟನೇ ವಾರದಿಂದ ಮಾಮೂಲು ಊಟ, ಸಣ್ಣ ಪ್ರಮಾಣದಲ್ಲಿ. ಹಸಿವಿಲ್ಲ, ನೋವಿಲ್ಲ ಅಂತ ಹಂತ ಹಾರಬೇಡಿ. ಒಳಗಿನ ಗಾಯ ಮಾಯಲಿ ಅಂತಲೇ ಇಷ್ಟು ವಾರಗಳ ಲೆಕ್ಕ ಇಟ್ಟಿರುವುದು.

ಪ್ರೋಟೀನ್ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 8. ನಾಲ್ಕೈದು ಚಮಚಕ್ಕೇ ತುಂಬುವ ಹೊಟ್ಟೆಗೆ ಹತ್ತು ಮೊಟ್ಟೆ ಹಾಕುವುದು ಹೇಗೆ? ಅದಕ್ಕೇ ಮೊದಲ ತಿಂಗಳುಗಳಲ್ಲಿ ಪ್ರೋಟೀನ್ ಪುಡಿಯನ್ನು ಬಿಡಲು ಆಗುವುದಿಲ್ಲ. ಇದರ ಬಗ್ಗೆ ಮೂಗು ಮುರಿಯುವವರ ಮಾತಿಗೆ ಕಿವಿಗೊಡಬೇಡಿ.

ಹೊಸ ಆಹಾರವನ್ನು ಒಂದು ಹೊತ್ತಿಗೆ ಒಂದೇ ತಿಂದು ನೋಡಿ. ಒಣ ಮಾಂಸ, ಮೆತ್ತನೆಯ ಬ್ರೆಡ್ಡು, ಅಂಟಂಟಾದ ಅನ್ನ ಹೆಚ್ಚಿನವರಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಹಾಗಾದಾಗ ಎದೆಯ ನಡುವೆ ಒತ್ತಡ, ಬಾಯಿ ತುಂಬಾ ಜೊಲ್ಲು. ನೀರು ಕುಡಿದು ತಳ್ಳಲು ಹೋಗಬೇಡಿ. ಎದ್ದು ನಿಧಾನಕ್ಕೆ ಓಡಾಡಿ, ಇಳಿಯುತ್ತದೆ ಅಥವಾ ಮೇಲೆ ಬರುತ್ತದೆ. ಹೊಟ್ಟೆ ತುಂಬಿತು ಅನ್ನುವ ಸೂಚನೆಯೂ ಮೊದಲಿನ ಹಾಗಿರುವುದಿಲ್ಲ. ಕೆಲವರಿಗೆ ಬಿಕ್ಕಳಿಕೆ ಬರುತ್ತದೆ, ಕೆಲವರಿಗೆ ಮೂಗು ಸೋರುತ್ತದೆ, ಕೆಲವರಿಗೆ ಸಣ್ಣದೊಂದು ಸೀನು. ನಿಮ್ಮದು ಯಾವುದು ಅಂತ ಗುರುತು ಹಿಡಿದುಕೊಳ್ಳಿ, ಆಮೇಲೆ ಒಂದು ತುತ್ತೂ ಬೇಡ.

ಹೆಜ್ಜೆ 7: ವಿಟಮಿನ್ನುಗಳ ವೇಳಾಪಟ್ಟಿ

ಇವು ಜೀವನಪೂರ್ತಿ. ಸಾಮಾನ್ಯವಾಗಿ ಮಲ್ಟಿವಿಟಮಿನ್, ಬಿ12, ವಿಟಮಿನ್ ಡಿ, ಕಬ್ಬಿಣ, ಮತ್ತು ದಿನಕ್ಕೆ 1,200ರಿಂದ 1,500 ಮಿ.ಗ್ರಾಂ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಸಿಟ್ರೇಟ್ ರೂಪದಲ್ಲಿದ್ದರೆ ಒಳ್ಳೆಯದು, ಅದು ಜೀರ್ಣವಾಗಲು ಹೊಟ್ಟೆಯ ಆಮ್ಲ ಜಾಸ್ತಿ ಬೇಕಿಲ್ಲ. ದೇಹ ಒಂದು ಸಲಕ್ಕೆ 500ರಿಂದ 600 ಮಿ.ಗ್ರಾಂಗಿಂತ ಹೆಚ್ಚು ಹೀರಿಕೊಳ್ಳುವುದಿಲ್ಲ, ಹಾಗಾಗಿ ಎರಡು ಮೂರು ಸಲ ಹಂಚಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ನಡುವೆ ಕನಿಷ್ಠ ಎರಡು ಗಂಟೆ ಬಿಡಬೇಕು. ಥೈರಾಯ್ಡ್ ಮಾತ್ರೆ ಇದ್ದರೆ ಅದಕ್ಕೂ ಇವೆರಡಕ್ಕೂ ನಾಲ್ಕು ಗಂಟೆ. ಕಬ್ಬಿಣದ ಜೊತೆ ಕಾಫಿ, ಟೀ ಕೂಡದು.

ತಲೆ ಕೆಡುತ್ತದೆ, ಗೊತ್ತು. ಒಂದು ದಿನ ಹೀಗಿರಬಹುದು: 6:30ಕ್ಕೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ. 11ಕ್ಕೆ ಕ್ಯಾಲ್ಸಿಯಂ. 1:30ಕ್ಕೆ ಊಟದ ಜೊತೆ ಮಲ್ಟಿವಿಟಮಿನ್. 4ಕ್ಕೆ ಮತ್ತೆ ಕ್ಯಾಲ್ಸಿಯಂ. 7ಕ್ಕೆ ಇನ್ನೊಂದು. 9:30ಕ್ಕೆ ಕಬ್ಬಿಣ. ಆಪರೇಷನ್‌ಗೆ ಮೊದಲೇ ಅಲಾರಾಂ ಹಾಕಿ, ಆ ಹೊತ್ತಿಗೆ ಏಳುವುದನ್ನು ಒಂದು ವಾರ ಅಭ್ಯಾಸ ಮಾಡಿ. ಆಫೀಸಿನ 4 ಗಂಟೆಯ ಮೀಟಿಂಗ್ ಅಡ್ಡ ಬರುತ್ತದೆ ಅಂತ ಆಗಲೇ ಗೊತ್ತಾಗುತ್ತದೆ.

ಒಂದು ಮಾತು ಒತ್ತಿ ಹೇಳಬೇಕು. ವಾಂತಿ ದಿನಗಟ್ಟಲೆ ಮುಂದುವರಿದರೆ ದೇಹದಲ್ಲಿ ಬಿ1, ಅಂದರೆ ಥಯಮಿನ್, ಬೇಗ ಖಾಲಿಯಾಗುತ್ತದೆ. ನಡಿಗೆ ತೂರಾಡುವುದು, ಕಣ್ಣಿಗೆ ಎರಡೆರಡು ಕಾಣುವುದು, ಮಾತು ಗೊಂದಲವಾಗುವುದು ಶುರುವಾದರೆ ಅದು ತುರ್ತು ಸ್ಥಿತಿ, ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಥಯಮಿನ್ ಕೊಡಬೇಕಾಗುತ್ತದೆ. ಹಾಗಾಗಿ ಯಾವ ಆಸ್ಪತ್ರೆಗೆ ಹೋದರೂ 'ತೂಕದ ಆಪರೇಷನ್ ಆಗಿದೆ, ಇಷ್ಟು ದಿನದಿಂದ ವಾಂತಿ' ಅಂತ ಮೊದಲೇ ಹೇಳಿ.

ಹೆಜ್ಜೆ 8: ತೂಕದ ಯಂತ್ರ, ಕನ್ನಡಿ ಮತ್ತು ಸುತ್ತಲಿನ ಜನ

ಮೊದಲ ತಿಂಗಳಲ್ಲೇ ಒಂದು ಸಲ ತೂಕ ಅಲುಗಾಡದೆ ನಿಂತುಬಿಡುತ್ತದೆ, ವಾರವೋ ಎರಡು ವಾರವೋ. ಆಪರೇಷನ್ ಫೇಲಾಯಿತು ಅಂತ ಅಳುವವರಿದ್ದಾರೆ. ಏನೂ ಆಗಿಲ್ಲ, ಮತ್ತೆ ಇಳಿಯುತ್ತದೆ. ವಾರಕ್ಕೊಮ್ಮೆ ತೂಗಿದರೆ ಸಾಕು, ಅದರ ಬದಲು ಸೊಂಟದ ಅಳತೆ ಬರೆದಿಡಿ. ಹೆಚ್ಚಿನ ಇಳಿಕೆ ಮೊದಲ 12ರಿಂದ 18 ತಿಂಗಳಲ್ಲಿ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನದಲ್ಲೂ ಒಂದೆರಡು ವರ್ಷಕ್ಕೆ ತೂಕ ತೀರಾ ಕೆಳಗೆ ಬಂದು, ಆಮೇಲೆ ಸ್ವಲ್ಪ ಮೇಲೇರಿ ನಿಂತಿದ್ದು ಕಂಡುಬಂತು. ಮೂರನೇ ವರ್ಷ ಒಂದಿಷ್ಟು ಕಿಲೋ ವಾಪಸ್ ಬಂದರೆ ಗಾಬರಿ ಬೇಡ. ಏರುತ್ತಲೇ ಹೋದರೆ ನಾಚಿಕೊಂಡು ಕೂರದೆ ಡಾಕ್ಟರನ್ನು ಕಾಣಿ.

ಮೂರನೇ ತಿಂಗಳಿಂದ ಆರನೇ ತಿಂಗಳವರೆಗೆ ಕೂದಲು ಉದುರುತ್ತದೆ. ಬೇಗ ತೂಕ ಇಳಿದಾಗ ಹೀಗಾಗುವುದು ಸಹಜ, ಬಹುತೇಕರಿಗೆ ಮತ್ತೆ ಬೆಳೆಯುತ್ತದೆ. ತಿಂಗಳುಗಳು ಕಳೆದರೂ ನಿಲ್ಲದಿದ್ದರೆ ಪ್ರೋಟೀನು, ಕಬ್ಬಿಣ, ಜಿಂಕ್ ನೋಡಿಸಿ. ವೇಗದ ಇಳಿಕೆಯಿಂದ ಪಿತ್ತಕೋಶದಲ್ಲಿ ಕಲ್ಲೂ ಆಗಬಹುದು. ತಡೆಯಲು ಕೆಲವರಿಗೆ ಆರು ತಿಂಗಳು ಮಾತ್ರೆ ಕೊಡುತ್ತಾರೆ. ಜೋಲುವ ಚರ್ಮ ವ್ಯಾಯಾಮದಿಂದ ಪೂರ್ತಿ ಹೋಗುವುದಿಲ್ಲ. ಅದನ್ನು ತೆಗೆಸುವ ಆಪರೇಷನ್ ತೂಕ ಸ್ಥಿರವಾದ ಮೇಲಿನ ಮಾತು.

ಮದ್ಯದ ವಿಷಯ ಬೇರೆಯೇ ಹೇಳಬೇಕು. ಆಪರೇಷನ್ ನಂತರ ಅದು ಬೇಗ ರಕ್ತಕ್ಕೆ ಸೇರಿ ಬೇಗ ತಲೆಗೇರುತ್ತದೆ. ಮೊದಲು ಚಟವೇ ಇಲ್ಲದವರಿಗೂ ಎರಡನೇ ವರ್ಷದ ಹೊತ್ತಿಗೆ ಅಂಟಿಕೊಂಡದ್ದು ಉಂಟು, ಬೈಪಾಸ್ ಆದವರಲ್ಲಿ ಜಾಸ್ತಿ. ಊಟದಲ್ಲಿ ಸಿಗುತ್ತಿದ್ದ ಸಮಾಧಾನವನ್ನು ಮನಸ್ಸು ಬೇರೆ ಕಡೆ ಹುಡುಕುತ್ತದೆ. ಮೊದಲ ವರ್ಷ ಮುಟ್ಟಲೇಬೇಡಿ. ಆಮೇಲೂ ದೂರ ಇದ್ದರೆ ಕ್ಷೇಮ.

'ಇಷ್ಟಕ್ಕೆಲ್ಲ ಆಪರೇಷನ್ ಬೇಕಿತ್ತಾ, ಬಾಯಿ ಕಟ್ಟಿದ್ರೆ ಆಗ್ತಿರಲಿಲ್ವಾ' ಅನ್ನುವವರು ಸಿಕ್ಕೇ ಸಿಗುತ್ತಾರೆ. ಯಾರಿಗೆ ಎಷ್ಟು ಹೇಳಬೇಕು ಅಂತ ಮೊದಲೇ ತೀರ್ಮಾನಿಸಿ. ಎಲ್ಲರಿಗೂ ವಿವರಣೆ ಕೊಡುವ ಸಾಲ ನಿಮ್ಮ ಮೇಲಿಲ್ಲ. ವಾದಕ್ಕೆ ನಿಂತವರಿಗೆ ಹೇಳುವುದಾದರೆ, ಈ ಕ್ಷೇತ್ರದ ಎರಡು ದೊಡ್ಡ ವೈದ್ಯರ ಸಂಘಗಳು 2022ರಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಈ ಆಪರೇಷನ್ ಸೂಚಿಸಬಹುದು ಅಂತ ಹೇಳಿವೆ. ಮನೆಯೊಳಗಿನವರಿಗೆ ಮಾತ್ರ ಪೂರ್ತಿ ಗೊತ್ತಿರಲಿ. ಪ್ರೀತಿಯಿಂದ 'ಇನ್ನೊಂದು ತುತ್ತು' ಅಂತ ಬಡಿಸುವವರೇ ಮೊದಲ ತಿಂಗಳುಗಳಲ್ಲಿ ಹೆಚ್ಚು ತೊಂದರೆ ಕೊಡುವುದು.

ಮಗು ಬೇಕು ಅನ್ನುವವರು 12ರಿಂದ 18 ತಿಂಗಳು ಕಾಯಬೇಕು. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಅದೇ ಹೊತ್ತಿಗೆ ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರಿಕೊಳ್ಳದೇ ಹೋಗಬಹುದು. ಮಾತ್ರೆ ಬಿಟ್ಟು ಬೇರೆ ವಿಧಾನವನ್ನು ಆಪರೇಷನ್‌ಗೆ ಮೊದಲೇ ಗೊತ್ತುಮಾಡಿಕೊಳ್ಳಿ.

ಹೆಜ್ಜೆ 9: ವರ್ಷಗಳ ಲೆಕ್ಕ

ಮೂರು, ಆರು, ಹನ್ನೆರಡು ತಿಂಗಳಿಗೆ ರಕ್ತಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ. ಮೈ ಚೆನ್ನಾಗಿದೆ ಅಂತ ಮೂರನೇ ವರ್ಷಕ್ಕೆ ಬಿಟ್ಟುಬಿಡುವುದು ಸಾಮಾನ್ಯ. ಬಿ12 ಕೊರತೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಕಾಲು ಜೋಮು ಹಿಡಿದಾಗಲಷ್ಟೇ ಗೊತ್ತಾಗಬಹುದು. ಹುಟ್ಟಿದ ದಿನದ ತಿಂಗಳಿಗೋ ಆಪರೇಷನ್ ಆದ ತಿಂಗಳಿಗೋ ಪರೀಕ್ಷೆಯನ್ನು ಗಂಟುಹಾಕಿಬಿಡಿ, ಮರೆಯುವುದಿಲ್ಲ. ವರದಿಗಳೆಲ್ಲ ಒಂದೇ ಫೈಲಿನಲ್ಲಿರಲಿ.

ಬೈಪಾಸ್ ಆದವರು ಇನ್ನೊಂದನ್ನು ನೆನಪಿಡಬೇಕು. ಎಷ್ಟೋ ವರ್ಷದ ನಂತರವೂ, ಊಟವಾದ ಮೇಲೆ ಬಂದು ಹೋಗುವ ತೀವ್ರ ಹೊಟ್ಟೆನೋವು ಕಾಣಿಸಿದರೆ ಅದನ್ನು ಗ್ಯಾಸ್ ಅಂತ ತಳ್ಳಿಹಾಕಬೇಡಿ. ತೂಕ ಇಳಿದು ಒಳಗಿನ ಕೊಬ್ಬು ಕರಗಿದಾಗ ಕರುಳು ಒಂದು ಸಂದಿನಲ್ಲಿ ಜಾರಿ ಸಿಕ್ಕಿಕೊಳ್ಳುವುದುಂಟು. ನೋವು ಇಲ್ಲದ ಹೊತ್ತಿನಲ್ಲಿ ತೆಗೆದ ಸ್ಕ್ಯಾನ್‌ನಲ್ಲಿ ಅದು ಕಾಣದೆಯೂ ಇರಬಹುದು. ಸ್ಕ್ಯಾನ್ ಸರಿಯಿದೆ ಅಂತ ಮನೆಗೆ ಕಳಿಸಿದ ಮೇಲೂ ಅದೇ ನೋವು ಮತ್ತೆ ಬಂದರೆ, ತೂಕದ ಆಪರೇಷನ್ ಮಾಡುವ ಸರ್ಜನ್ ಹತ್ತಿರವೇ ತೋರಿಸಿ.